ಇಪ್ಪತ್ತು ಹುಣಸೆಬೀಜಗಳಲ್ಲಿ ಊರು ತೂಗಿದ್ದು: ‘ಈಸ್ ಆಫ್ ಲಿವಿಂಗ್ ಇಂಡೆಕ್ಸ್’ ಬಳಸಿ ನೋಡಿದ ಮೇಲೆ

ಮೂವತ್ತೊಂದು ವರ್ಷ ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿ ಮಾಡಿ ಕಳೆದ ವರ್ಷ ನಿವೃತ್ತನಾದೆ. ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿದೆ: ಇನ್ನು ಮುಂದೆ ಎಲ್ಲಿರುವುದು? ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯಲ್ಲಿ. ಎಂಬತ್ತೆರಡು ದಾಟಿದ ಅಮ್ಮ ಇಂದಿಗೂ ಅಲ್ಲಿನ ಹಳೆಯ ಮನೆಯಲ್ಲೇ ಇದ್ದಾರೆ. ನನ್ನ ಹೆಂಡತಿಯ ತವರು ಧಾರವಾಡ. ಮಗಳು, ಅಳಿಯ ಮಹದೇವಪುರದ ಕಡೆಯ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ನಮ್ಮ ಮನೆ ಬಸವೇಶ್ವರನಗರದಲ್ಲಿದೆ. ಮೂರು ಊರುಗಳ ಪರವಾಗಿ ಮನೆಮಂದಿಯೆಲ್ಲ ವಾದಿಸುತ್ತಿದ್ದುದರಿಂದ, ಯಾರ ಕಡೆಗೂ ವಾಲದ ಅಳತೆಗೋಲು ಒಂದಿದ್ದರೆ ಒಳ್ಳೆಯದೆನಿಸಿ, ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2021ರ ಮಾರ್ಚ್ 4ರಂದು ಬಿಡುಗಡೆ ಮಾಡಿದ ‘ಈಸ್ ಆಫ್ ಲಿವಿಂಗ್ ಇಂಡೆಕ್ಸ್ 2020’, ಅಂದರೆ ಜೀವನ ಸುಗಮತೆಯ ಸೂಚ್ಯಂಕದ ವರದಿಯನ್ನು ಇಳಿಸಿಕೊಂಡು ಓದಲು ಕುಳಿತೆ. ಇದು ಸರ್ಕಾರ ನಾಗರಿಕರಿಗೆ ಉಚಿತವಾಗಿ ಕೊಟ್ಟಿರುವ ಒಂದು ಸೇವೆ. ಹಾಗಾಗಿ ಒಬ್ಬ ಬಳಕೆದಾರನಾಗಿ ಇದನ್ನು ವಿಮರ್ಶಿಸುತ್ತಿದ್ದೇನೆ. ನನ್ನ ಪ್ರಶ್ನೆ ಸರಳವಾದದ್ದು: ಎಲ್ಲಿ ಮನೆ ಮಾಡಬೇಕು ಎಂದು ನಿರ್ಧರಿಸುವವನಿಗೆ ಈ ವರದಿ ಎಷ್ಟರಮಟ್ಟಿಗೆ ನೆರವಾಗುತ್ತದೆ?

ಮೊದಲು ಅದರ ರಚನೆಯನ್ನು ಹೇಳಬೇಕು. ದೇಶದ 111 ನಗರಗಳನ್ನು ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ 49 ಮತ್ತು ಅದಕ್ಕಿಂತ ಕಡಿಮೆಯ 62 ಎಂದು ಎರಡು ಪಂಗಡಗಳಾಗಿ ವಿಂಗಡಿಸಿ, ನಾಲ್ಕು ಆಧಾರಸ್ತಂಭಗಳ ಮೇಲೆ ಅಂಕ ನೀಡಲಾಗಿದೆ. ಶಿಕ್ಷಣ, ಆರೋಗ್ಯ, ವಸತಿ, ನೀರು-ನೈರ್ಮಲ್ಯ, ಸಂಚಾರ, ಸುರಕ್ಷತೆ, ಮನರಂಜನೆ ಇವೆಲ್ಲ ಸೇರಿದ ‘ಜೀವನ ಗುಣಮಟ್ಟ’ಕ್ಕೆ ಶೇ 35, ‘ಆರ್ಥಿಕ ಸಾಮರ್ಥ್ಯ’ಕ್ಕೆ ಶೇ 15, ಪರಿಸರ ಮತ್ತು ಹಸಿರನ್ನು ಒಳಗೊಂಡ ‘ಸುಸ್ಥಿರತೆ’ಗೆ ಶೇ 20 ತೂಕವಿದೆ. ಉಳಿದ ಶೇ 30ನ್ನು ನಾಗರಿಕರ ಗ್ರಹಿಕೆಯ ಸಮೀಕ್ಷೆಗೆ ಮೀಸಲಿಡಲಾಗಿದೆ. ಅಂದರೆ ತಮ್ಮ ಊರಿನ ಬಗ್ಗೆ ಜನರಿಗೆ ಏನನ್ನಿಸುತ್ತದೆ ಎಂಬುದಕ್ಕೂ, ಆ ಊರಿನಲ್ಲಿ ವಾಸ್ತವವಾಗಿ ಏನಿದೆ ಎಂಬುದಕ್ಕೂ ಒಂದೇ ತಕ್ಕಡಿಯಲ್ಲಿ ಜಾಗ ಸಿಕ್ಕಿದೆ. 2018ರಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ಗ್ರಹಿಕೆಗೆ ಈ ಸ್ಥಾನವಿರಲಿಲ್ಲ. ಇದನ್ನು ಸೇರಿಸಿದ್ದನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಊರೆಂದರೆ ಬರೀ ಕೊಳವೆಯ ಉದ್ದ, ಹಾಸಿಗೆಗಳ ಸಂಖ್ಯೆ, ಬೀದಿದೀಪಗಳ ಲೆಕ್ಕವಲ್ಲ ಎಂಬುದನ್ನು ಒಂದು ಸರ್ಕಾರಿ ದಾಖಲೆ ಒಪ್ಪಿಕೊಂಡಿರುವುದು ಸಣ್ಣ ಸಂಗತಿಯಲ್ಲ.

ಆದರೆ ಗ್ರಹಿಕೆಗೆ ಬಾಗಿಲು ತೆರೆದ ಮೇಲೆ ಅದು ಯಾರ ಗ್ರಹಿಕೆ, ಯಾವ ಋತುವಿನದು, ಯಾವ ಬೀದಿಯದು ಎಂಬ ಪ್ರಶ್ನೆಗಳೂ ಜೊತೆಯಲ್ಲೇ ಒಳಗೆ ಬರುತ್ತವೆ. ನನ್ನ ತಕರಾರುಗಳೆಲ್ಲ ಹುಟ್ಟುವುದು ಅಲ್ಲಿಂದಲೇ.

ಬೆಂಗಳೂರನ್ನೇ ನೋಡಿ. 2018ರ ಪಟ್ಟಿಯಲ್ಲಿ ಅದು 58ನೇ ಸ್ಥಾನದಲ್ಲಿತ್ತು. ಎರಡೂವರೆ ವರ್ಷಗಳ ನಂತರ ಬಂದ ಪಟ್ಟಿಯಲ್ಲಿ ದೊಡ್ಡ ನಗರಗಳ ಪೈಕಿ ಮೊದಲನೆಯದಾಯಿತು. ಆ ಅವಧಿಯುದ್ದಕ್ಕೂ ಈ ನಗರದಲ್ಲೇ ಇದ್ದವನು ನಾನು. ದಿನವೂ ಅದೇ ಬಸ್ಸು ಹಿಡಿದು, ಅದೇ ಸಿಗ್ನಲ್ಲುಗಳಲ್ಲಿ ನಿಂತು ಕಚೇರಿಗೆ ಹೋಗಿಬಂದಿದ್ದೇನೆ. ಐವತ್ತೇಳು ಮೆಟ್ಟಿಲು ಏರುವಷ್ಟು ನಗರ ಬದಲಾಗಿದ್ದರೆ ನನ್ನ ಕಾಲುಗಳಿಗಾದರೂ ತಿಳಿಯಬೇಕಿತ್ತು. ಬದಲಾದದ್ದು ನಗರಕ್ಕಿಂತ ಹೆಚ್ಚಾಗಿ ಅಳತೆಗೋಲು: ಪಂಗಡಗಳು ಹೊಸದಾದವು, ಸೂಚಕಗಳು ಬದಲಾದವು, ಗ್ರಹಿಕೆ ಸೇರಿತು. ಈ ಸೂಚ್ಯಂಕದ ಜೊತೆಯಲ್ಲೇ ಬಿಡುಗಡೆಯಾದ ಪಾಲಿಕೆಗಳ ಕಾರ್ಯನಿರ್ವಹಣೆಯ ಸೂಚ್ಯಂಕದಲ್ಲಿ ಇದೇ ಬೆಂಗಳೂರು 31ನೇ ಸ್ಥಾನದಲ್ಲಿತ್ತು ಎಂಬುದನ್ನೂ ಪಕ್ಕದಲ್ಲಿಟ್ಟು ಓದಬೇಕು.

ವರದಿಯ ನಿಜವಾದ ಬೆಲೆ ಇರುವುದು ಸ್ಥಾನಗಳ ಪಟ್ಟಿಯಲ್ಲಲ್ಲ, ಅದರ ಹಿಂದೆ ಕೊಟ್ಟಿರುವ ಬಿಡಿ ಅಂಕಗಳಲ್ಲಿ. ಬೆಂಗಳೂರಿನ ಒಟ್ಟು ಅಂಕ 66.70. ಅದರೊಳಗೆ ಜೀವನ ಗುಣಮಟ್ಟಕ್ಕೆ 55.67, ಆರ್ಥಿಕ ಸಾಮರ್ಥ್ಯಕ್ಕೆ 78.82, ಸುಸ್ಥಿರತೆಗೆ 59.97, ನಾಗರಿಕರ ಗ್ರಹಿಕೆಗೆ 78.00 ಬಂದಿವೆ. ಲೆಕ್ಕ ಬಿಡಿಸಿ ನೋಡುವುದು ನನ್ನ ವೃತ್ತಿಯಿಂದ ಅಂಟಿಕೊಂಡ ಅಭ್ಯಾಸ. ತೂಕಕ್ಕೆ ಗುಣಿಸಿದಾಗ 19.48, 11.82, 11.99, 23.40 ಎಂದಾಗುತ್ತವೆ. ಅಂದರೆ ಬೆಂಗಳೂರಿನ ಅಂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಂದದ್ದು ಜನರ ಅನಿಸಿಕೆಯಿಂದ. ಶಾಲೆ, ಆಸ್ಪತ್ರೆ, ನೀರು, ರಸ್ತೆ ಎಲ್ಲ ಕೂಡಿದ ಕಂಬದಿಂದ ಬಂದದ್ದು ಅದಕ್ಕಿಂತ ಕಡಿಮೆ. ಎರಡನೇ ಸ್ಥಾನದ ಪುಣೆಯ ಅಂಕ 66.27, ಮೂರನೆಯ ಅಹಮದಾಬಾದಿನದು 64.87. ಮೊದಲನೆಯವರಿಗೂ ಎರಡನೆಯವರಿಗೂ ಇರುವ ಅಂತರ 0.43.

ಈ ತೂಕಗಳು ಶಾಸನದಲ್ಲಿ ಕೊರೆದವಲ್ಲ, ಕೆಲವರು ಕೂಡಿ ಯೋಚಿಸಿ ನಿರ್ಧರಿಸಿದಂಥವು. ಹಾಗಿದ್ದರೆ ನಮ್ಮ ಮನೆಯ ತೂಕಗಳೇನು? ಇದನ್ನು ತಿಳಿಯಲು ಒಂದು ಭಾನುವಾರ ಊಟದ ನಂತರ ಅಡುಗೆಮನೆಯಿಂದ ಇಪ್ಪತ್ತು ಹುಣಸೆಬೀಜ ತಂದೆ. ಚಿಕ್ಕಂದಿನಲ್ಲಿ ಚೌಕಾಬಾರ ಆಡಲು ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದೆವಲ್ಲ, ಅಂಥವೇ ಬೀಜಗಳು. ಒಂದು ಬೀಜಕ್ಕೆ ಐದು ಅಂಕದ ತೂಕ. ಹಾಳೆಯ ಮೇಲೆ ನಾಲ್ಕು ಮನೆ ಬರೆದು ಸಚಿವಾಲಯದ ಲೆಕ್ಕದಂತೆ ಇಟ್ಟರೆ ಏಳು, ಮೂರು, ನಾಲ್ಕು, ಆರು ಬೀಜಗಳಾಗುತ್ತವೆ. ಬಳಿಕ ಬೀಜಗಳನ್ನು ಒಟ್ಟು ಮಾಡಿ, ನಿಮ್ಮ ಬದುಕಿಗೆ ಯಾವುದೆಷ್ಟು ಮುಖ್ಯವೋ ಹಾಗೆ ಇಡಿ ಎಂದು ಒಬ್ಬೊಬ್ಬರಿಗೂ ಕೊಟ್ಟೆ.

ಮಗಳು ಹೆಚ್ಚು ಯೋಚಿಸಲಿಲ್ಲ. ಆರ್ಥಿಕ ಸಾಮರ್ಥ್ಯದ ಮನೆಗೆ ಹತ್ತು ಬೀಜ ಸುರಿದು, ಜೀವನ ಗುಣಮಟ್ಟಕ್ಕೆ ಆರು, ಉಳಿದೆರಡಕ್ಕೆ ಎರಡೆರಡು ಇಟ್ಟಳು. “ಕೆಲಸ ಇದ್ರೆ ಉಳಿದದ್ದನ್ನೆಲ್ಲ ಹೊಂದಿಸಿಕೊಳ್ಳಬಹುದು ಅಪ್ಪಾ, ಕೆಲಸವೇ ಇಲ್ಲದ ಊರಲ್ಲಿ ಏನನ್ನ ಹೊಂದಿಸೋದು?” ಎಂದಳು. ಅವಳ ತೂಕದಲ್ಲಿ ಬೆಂಗಳೂರಿಗೆ 69.91 ಅಂಕ ಬಂತು. ನನ್ನ ಹೆಂಡತಿ ಸುಸ್ಥಿರತೆಗೆ ಹತ್ತು, ಗುಣಮಟ್ಟಕ್ಕೆ ಆರು, ಗ್ರಹಿಕೆಗೆ ಮೂರು, ಹಣಕಾಸಿಗೆ ಒಂದೇ ಒಂದು ಬೀಜ ಇಟ್ಟಳು. ಅವಳ ಲೆಕ್ಕದಲ್ಲಿ ಅದೇ ಬೆಂಗಳೂರು 62.33ಕ್ಕೆ ಇಳಿಯಿತು. ಪಿಂಚಣಿ ಎಲ್ಲಿದ್ದರೂ ಬರುತ್ತದೆ, ಆದರೆ ಆಸ್ಪತ್ರೆ ಹತ್ತಿರವಿರಬೇಕು ಎಂದು ಯೋಚಿಸಿ ನಾನು ಗುಣಮಟ್ಟಕ್ಕೆ ಹನ್ನೆರಡು, ಹಣಕಾಸಿಗೆ ಒಂದು, ಸುಸ್ಥಿರತೆಗೆ ನಾಲ್ಕು, ಗ್ರಹಿಕೆಗೆ ಮೂರು ಬೀಜ ಇಟ್ಟೆ. ಬಂದದ್ದು 61.04.

ನಗರ ಒಂದೇ, ಅಂಕಿಗಳೂ ಅವೇ, ನಾವು ಕುಳಿತದ್ದೂ ಒಂದೇ ಚಾಪೆಯ ಮೇಲೆ. ಆದರೂ ಮಗಳಿಗೂ ನನಗೂ ನಡುವೆ 8.87 ಅಂಕಗಳ ಅಂತರ ಬಂತು. ದೇಶದ ಮೊದಲ ಮತ್ತು ಎರಡನೇ ನಗರಗಳ ನಡುವಿನ ಅಂತರಕ್ಕಿಂತ ಇದು ಇಪ್ಪತ್ತು ಪಟ್ಟು ದೊಡ್ಡದು. ಈ ಲೆಕ್ಕ ಮುಗಿದ ಮೇಲೆ ನನಗೆ ಪಟ್ಟಿಯ ಸ್ಥಾನಗಳ ಮೇಲಿದ್ದ ಕುತೂಹಲವೇ ಹೊರಟುಹೋಯಿತು. ಬಿಡಿ ಅಂಕಗಳ ಮೇಲೆ ಮಾತ್ರ ಗೌರವ ಹೆಚ್ಚಿತು. ಹೀಗೆ ತೂಕವನ್ನು ಓದುಗರ ಕೈಗೇ ಕೊಡುವ ಪದ್ಧತಿ ಹೊಸದೇನೂ ಅಲ್ಲ. ಹೆಚ್ಚಾಗಿ ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಒಕ್ಕೂಟವಾದ ಒಇಸಿಡಿ 2011ರಲ್ಲಿ ಆರಂಭಿಸಿದ ‘ಬೆಟರ್ ಲೈಫ್ ಇಂಡೆಕ್ಸ್’ನಲ್ಲಿ ಹನ್ನೊಂದು ವಿಷಯಗಳಿವೆ. ಓದುಗರು ತಮಗೆ ಮುಖ್ಯವಾದದ್ದಕ್ಕೆ ಹೆಚ್ಚು ತೂಕ ಕೊಟ್ಟ ಕೂಡಲೇ ಪಟ್ಟಿ ಅವರ ಕಣ್ಣೆದುರೇ ಬದಲಾಗುತ್ತದೆ. ಅದು ಹೋಲಿಸುವುದು ದೇಶಗಳನ್ನು, ಊರುಗಳನ್ನಲ್ಲ ಎಂಬುದೊಂದು ಕೊರತೆ. ಆದರೂ ನಮ್ಮ ಸೂಚ್ಯಂಕ ಕಲಿಯಬೇಕಾದ ಮೊದಲ ಪಾಠ ಅಲ್ಲಿದೆ. ವಾಸಕ್ಕೆ ಯೋಗ್ಯವಾದ ನಗರಗಳ ಬಗ್ಗೆ ಇಕನಾಮಿಸ್ಟ್ ಸಮೂಹ ಹೊರತರುವ ಜಾಗತಿಕ ಪಟ್ಟಿಯನ್ನೂ ತಿರುವಿಹಾಕಿದೆ. ಅದರಲ್ಲಿ 173 ನಗರಗಳಿವೆ. 2022ರಿಂದ 2024ರವರೆಗೆ ವಿಯೆನ್ನಾ, 2025ರಲ್ಲಿ ಕೋಪನ್‌ಹೇಗನ್ ಮೊದಲ ಸ್ಥಾನ ಪಡೆದಿವೆ. ಪರದೇಶಕ್ಕೆ ವರ್ಗವಾಗಿ ಹೋಗುವ ನೌಕರರಿಗೆ ಎಷ್ಟು ಕಷ್ಟಭತ್ಯೆ ಕೊಡಬೇಕೆಂದು ಕಂಪನಿಗಳು ನಿರ್ಧರಿಸಲು ಬಳಸುವ ಸಾಧನ ಅದು. ಅಮ್ಮನ ಮನೆಗೆ ಮರಳಬೇಕೋ ಬೇಡವೋ ಎಂದು ಯೋಚಿಸುವವನಿಗೆ ಅದರಿಂದ ಪ್ರಯೋಜನವಿಲ್ಲ.

ಇನ್ನು ಗ್ರಹಿಕೆಯ ಸಮೀಕ್ಷೆಯ ವಿಷಯ. 2020ರ ಜನವರಿ 16ರಿಂದ ಮಾರ್ಚ್ 20ರವರೆಗೆ ನಡೆದ ಈ ಸಮೀಕ್ಷೆಗೆ 111 ನಗರಗಳಿಂದ 32.2 ಲಕ್ಷ ಜನ ಉತ್ತರ ಕೊಟ್ಟಿದ್ದಾರೆ. ಅವರಲ್ಲಿ ನಾನೂ ಒಬ್ಬ. ಫೆಬ್ರುವರಿಯ ಒಂದು ಬೆಳಿಗ್ಗೆ, ಬಸವೇಶ್ವರನಗರದ ಉದ್ಯಾನದಲ್ಲಿ ನಾಲ್ಕು ಸುತ್ತು ನಡೆದು ಕಲ್ಲುಬೆಂಚಿನ ಮೇಲೆ ಕುಳಿತಿದ್ದಾಗ ಪರಿಚಯದ ಹುಡುಗನೊಬ್ಬ ಮೊಬೈಲಿನಲ್ಲಿ ಪ್ರಶ್ನೆಗಳ ಪುಟ ತೆಗೆದುಕೊಟ್ಟ. ಗಾಳಿ ತಂಪಾಗಿತ್ತು, ತಬೂಬಿಯಾ ಮರಗಳು ಹಳದಿ ಹೂ ಬಿಟ್ಟಿದ್ದವು, ಮನೆಗೆ ಹೋದರೆ ಕಾಫಿ ಸಿದ್ಧವಾಗಿರುತ್ತದೆಂದು ಗೊತ್ತಿತ್ತು. ಎರಡು ಮೂರು ನಿಮಿಷಗಳಲ್ಲಿ ಧಾರಾಳವಾಗಿಯೇ ಉತ್ತರಿಸಿದೆ. ಆಗ ನನಗದು ಹೊಳೆದಿರಲಿಲ್ಲ. ಈಗ ವರದಿ ಓದುವಾಗ ಹೊಳೆಯುತ್ತಿದೆ. ನಾನು ಅಂಕ ಕೊಟ್ಟದ್ದು ಬೆಂಗಳೂರಿಗಲ್ಲ, ನಮ್ಮ ಮನೆಯಿಂದ ಉದ್ಯಾನದವರೆಗಿನ ನಾಲ್ಕು ಬೀದಿಗಳಿಗೆ. ಅದೇ ಹೊತ್ತಿನಲ್ಲಿ ಮಗಳ ಅಪಾರ್ಟ್‌ಮೆಂಟಿನ ಮುಂದೆ ನೀರಿನ ಟ್ಯಾಂಕರುಗಳು ಸಾಲುಗಟ್ಟಿ ನಿಂತಿದ್ದವು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡುವ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಎಳನೀರಿನಂಥ ನೀರು ನಲ್ಲಿಯಲ್ಲಿ ಬರುವ ನನ್ನ ಬೀದಿಗೂ, ಟ್ಯಾಂಕರಿಗೆ ದುಡ್ಡು ಸುರಿಯುವ ಅವಳ ಬೀದಿಗೂ ವರದಿಯಲ್ಲಿರುವುದು ಒಂದೇ ಹೆಸರು, ಒಂದೇ 66.70.

ಋತುವಿನ ಮಾತೂ ಇದೆ. ಜನವರಿಯ ನಡುವಿನಿಂದ ಮಾರ್ಚ್ ನಡುವಿನವರೆಗಿನ ಎರಡು ತಿಂಗಳು ನಮ್ಮ ಭಾಗದ ಊರುಗಳೆಲ್ಲ ಹಬ್ಬದ ಬಟ್ಟೆ ಉಟ್ಟಂತೆ ಕಾಣುವ ಕಾಲ. ಬೆಂಗಳೂರಿನಲ್ಲಿ ಆಗ ಮಳೆಯಿಲ್ಲ, ರಸ್ತೆಗಳಲ್ಲಿ ನೀರು ನಿಲ್ಲುವುದಿಲ್ಲ. ದಾವಣಗೆರೆಯಲ್ಲಿ ಬಿಸಿಲು ಇನ್ನೂ ಸುಡಲು ಆರಂಭಿಸಿರುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದ್ದಾಗ, ಇಲ್ಲವೇ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದ್ದಾಗ ಇದೇ ಪ್ರಶ್ನೆ ಕೇಳಿದ್ದರೆ 78.00 ಬರುತ್ತಿತ್ತೇ? ಬರುತ್ತಿರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಸಮೀಕ್ಷೆಯನ್ನು ವರ್ಷದಲ್ಲಿ ಮೂರು ಸಲ, ಮಳೆಗಾಲ, ಚಳಿಗಾಲ, ಬೇಸಿಗೆಗಳಲ್ಲಿ ನಡೆಸಿ ಮೂರು ಅಂಕಗಳನ್ನೂ ಬೇರೆ ಬೇರೆಯಾಗಿ ಪ್ರಕಟಿಸಬೇಕು. ಇದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ.

ಧಾರವಾಡದ ವಿಷಯದಲ್ಲಿ ವರದಿ ಸಂಪೂರ್ಣ ನಿರುಪಯುಕ್ತವಾಯಿತು. ಅದರಲ್ಲಿರುವುದು ‘ಹುಬ್ಬಳ್ಳಿ-ಧಾರವಾಡ’. 1962ರಿಂದ ಎರಡಕ್ಕೂ ಒಂದೇ ಮಹಾನಗರ ಪಾಲಿಕೆ ಇದ್ದುದರಿಂದ ಲೆಕ್ಕಕ್ಕೆ ಅದು ಒಂದೇ ಊರು. ನನ್ನ ಹೆಂಡತಿ ಆ ಪುಟ ನೋಡಿ, “ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿಸಿ ಒಂದ ಅಂಕಿ ಹಾಕ್ಯಾರ್ರೀ. ಇದು ನಮ್ಮೂರಿಂದು ಹೆಂಗಾಗ್ತದ?” ಎಂದಳು. ಅವಳ ನೋವು ನಿಜವಾದದ್ದು. ಹುಬ್ಬಳ್ಳಿ ವ್ಯಾಪಾರದ ಊರು, ರೈಲಿನ ಊರು, ಸಂಜೆಯಾದಂತೆ ಸದ್ದು ಏರುವ ಊರು. ಧಾರವಾಡದಲ್ಲಿ ಅವಳಿಗೆ ಕಾಣುವುದು ಸಾಧನಕೇರಿಯ ನೀರು, ಕರ್ನಾಟಕ ಕಾಲೇಜಿನ ಮರಗಳು, 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದ ಸಭಾಂಗಣದ ಸಂಜೆಗಳು, ಮತ್ತೆ ಆ ಜಿಟಿಜಿಟಿ ಮಳೆ. ನಡುವೆ ಚಿಗರಿ ಬಸ್ಸುಗಳು ಓಡಾಡಿ ಎರಡನ್ನೂ ಹತ್ತಿರ ತಂದಿವೆಯೇ ಹೊರತು ಒಂದಾಗಿಸಿಲ್ಲ. ಆಡಳಿತದ ಗಡಿ ಒಂದು, ಮನಸ್ಸಿನ ಗಡಿ ಇನ್ನೊಂದು. ಜನರ ಗ್ರಹಿಕೆಯನ್ನು ಅಳೆಯಲು ಹೊರಟವರು ಜನರು ಯಾವುದನ್ನು ‘ನಮ್ಮೂರು’ ಎನ್ನುತ್ತಾರೋ ಅದನ್ನೇ ಘಟಕವಾಗಿ ಹಿಡಿಯಬೇಕಿತ್ತು.

ದಾವಣಗೆರೆಯ ಪುಟವನ್ನು ನಾನು ಎದೆ ಡವಡವ ಎನ್ನುತ್ತಿರುವಾಗಲೇ ತೆರೆದೆ. ಚಿಕ್ಕ ನಗರಗಳ ಪಟ್ಟಿಯಲ್ಲಿ ಶಿಮ್ಲಾ ಮೊದಲನೆಯದು, ಭುವನೇಶ್ವರ ಎರಡನೆಯದು, ದಾವಣಗೆರೆ ಒಂಬತ್ತನೆಯದು. ಆದರೆ ನಾಗರಿಕರ ಗ್ರಹಿಕೆಯನ್ನಷ್ಟೇ ತೆಗೆದು ನೋಡಿದರೆ ಇಡೀ ದೇಶದಲ್ಲಿ ಭುವನೇಶ್ವರ, ಸಿಲ್ವಾಸಾ ಬಿಟ್ಟರೆ ಮೂರನೆಯದು ದಾವಣಗೆರೆ! ಗಿರಣಿಗಳಿದ್ದ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡು, ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಕಾಲೇಜುಗಳನ್ನು ನೆಚ್ಚಿಕೊಂಡು ಮತ್ತೆ ಎದ್ದು ನಿಂತ ನನ್ನ ಊರಿನ ಜನ, ತಾವಿರುವ ಜಾಗದ ಬಗ್ಗೆ ಇಷ್ಟು ತೃಪ್ತಿ ಹೇಳಿಕೊಂಡಿರುವುದು ಓದಿ ಕಣ್ಣು ತೇವವಾಯಿತು.

ಹೆಮ್ಮೆ ಇಳಿದ ಮೇಲೆ ಪ್ರಶ್ನೆಗಳು ಎದ್ದವು. ಸಮೀಕ್ಷೆಯಲ್ಲಿ ದಾವಣಗೆರೆಯ ಪರವಾಗಿ ಉತ್ತರಿಸಿದ್ದು ಅಲ್ಲಿ ಉಳಿದವರು. ಕೆಲಸ ಸಾಲದೆಂದು 1994ರಲ್ಲಿ ಬೆಂಗಳೂರಿನ ರೈಲು ಹತ್ತಿದ ನಾನು, ನನ್ನಂತೆಯೇ ಪುಣೆ, ಹೈದರಾಬಾದುಗಳಿಗೆ ಹೋದ ನನ್ನ ತರಗತಿಯ ಅರ್ಧದಷ್ಟು ಹುಡುಗರು ಆ ಲೆಕ್ಕದಲ್ಲಿಲ್ಲ. ಊರು ಬಿಟ್ಟವರನ್ನು ಕೇಳದೆ ಊರಿನ ಬಗ್ಗೆ ಕೇಳಿದರೆ ಅಂಕ ಏರುವುದು ಸಹಜ. ಇತ್ತ ನಾನು ಬೆಂಗಳೂರಿಗೆ ಧಾರಾಳವಾಗಿ ಅಂಕ ಕೊಟ್ಟದ್ದು ಏಕೆಂದರೆ, ನನ್ನ ಮನಸ್ಸಿನಲ್ಲಿದ್ದ ಹೋಲಿಕೆ ತೊಂಬತ್ತರ ದಶಕದ ದಾವಣಗೆರೆಯ ಜೊತೆಗಿನದು. ಒಬ್ಬರ ಅಳತೆಯಲ್ಲಿ ತೃಪ್ತಿ ಎಂದರೆ ಹೊಂದಾಣಿಕೆ, ಇನ್ನೊಬ್ಬರ ಅಳತೆಯಲ್ಲಿ ಅದು ಬಿಟ್ಟುಬಂದದ್ದರ ನೆನಪು. ಎರಡನ್ನೂ ಕೂಡಿ ಭಾಗಿಸಿದರೆ ಬರುವ ಸಂಖ್ಯೆ ಯಾರ ಅನುಭವಕ್ಕೂ ಸರಿಹೊಂದುವುದಿಲ್ಲ. ಎಷ್ಟು ವರ್ಷದಿಂದ ಈ ಊರಿನಲ್ಲಿದ್ದೀರಿ, ಎಲ್ಲಿಂದ ಬಂದಿರಿ ಎಂಬ ಎರಡು ಉತ್ತರಗಳ ಪ್ರಕಾರ ಗ್ರಹಿಕೆಯ ಅಂಕವನ್ನು ವಿಂಗಡಿಸಿ ಕೊಟ್ಟಿದ್ದರೆ ನನ್ನಂಥವನಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಡೇವಿಡ್ ಷ್ಕೇಡ್ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ನೆನಪಾಗುತ್ತದೆ. ಅಮೆರಿಕದ ಚಳಿಯ ಮಧ್ಯಪಶ್ಚಿಮ ಭಾಗದ ವಿದ್ಯಾರ್ಥಿಗಳನ್ನೂ ಬೆಚ್ಚನೆಯ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಅವರು ವಿಚಾರಿಸಿದರು. ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳಾಗಿರಬೇಕೆಂದು ಎರಡೂ ಕಡೆಯವರು ಊಹಿಸಿದರು. ಆದರೆ ತಂತಮ್ಮ ಬದುಕಿನ ತೃಪ್ತಿಯನ್ನು ಅಳೆದು ಹೇಳಿದಾಗ ಇಬ್ಬರದೂ ಒಂದೇ ಮಟ್ಟದಲ್ಲಿತ್ತು. ಇನ್ನೊಂದು ಊರಿನ ಬಗ್ಗೆ ಯೋಚಿಸುವಾಗ ಎದ್ದು ಕಾಣುವ ವ್ಯತ್ಯಾಸ, ಅಂದರೆ ಹವೆ, ನಮ್ಮ ಮನಸ್ಸನ್ನು ತುಂಬಿಬಿಡುತ್ತದೆ. ಅಲ್ಲಿ ಬದುಕಲು ಹೋದ ಮೇಲೆ ದಿನವನ್ನು ತುಂಬುವುದು ಕೆಲಸ, ಮನೆ, ಮೈಯ ಆರೋಗ್ಯ, ಮಾತನಾಡುವ ಮಂದಿ. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಮೂರೇ ಪದಗಳಲ್ಲಿ ಹೇಳಿದ್ದಕ್ಕೆ ಇದು ಅಂಕಿಅಂಶದ ಸಾಕ್ಷಿ. ಧಾರವಾಡವೆಂದರೆ ನನ್ನ ಹೆಂಡತಿಗೆ ಮಳೆಯೇ ಏಕೆ ನೆನಪಾಗುತ್ತದೆ, ಆ ಮಳೆಯಲ್ಲಿ ಒಣಗದ ಬಟ್ಟೆಗಳು ಏಕೆ ನೆನಪಾಗುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ದಾವಣಗೆರೆಯೆಂದರೆ ನನಗೆ ಬೆಣ್ಣೆದೋಸೆಯ ಹಂಚಿನ ವಾಸನೆ ಮೂಗಿಗೆ ಬರುತ್ತದೆಯೇ ಹೊರತು ಏಪ್ರಿಲ್ ಮಧ್ಯಾಹ್ನದ ಬಿಸಿಲು ನೆನಪಾಗುವುದಿಲ್ಲ.

ಆದ್ದರಿಂದಲೇ ನಾವು ಬೇಕೆಂದೇ ಏಪ್ರಿಲಿನಲ್ಲಿ ಮೂರು ವಾರ ದಾವಣಗೆರೆಗೆ ಹೋಗಿ ಇದ್ದೆವು. ವರದಿಯನ್ನೂ ಬೀಜಗಳನ್ನೂ ಚೀಲದಲ್ಲಿ ಕೊಂಡೊಯ್ದಿದ್ದೆ. ಬಿಸಿಲು ನಾನು ನೆನೆದದ್ದಕ್ಕಿಂತ ಕಠಿಣವಾಗಿತ್ತು. ಹನ್ನೊಂದರ ಮೇಲೆ ಹೊರಗೆ ಕಾಲಿಡಲು ಆಗುತ್ತಿರಲಿಲ್ಲ. ಆದರೆ ನಾನು ಹೆದರಿದ್ದ ಇನ್ನೊಂದು ಸಂಗತಿ ಬೇರೆಯೇ ಆಗಿ ಕಂಡಿತು. ನಮ್ಮ ಓಣಿಯಲ್ಲಿ ನಲ್ಲಿಗೆ ದಿನವೂ ನೀರು ಬರುವುದಿಲ್ಲ. ಬರುವ ದಿನವೆಂದು ಇರುತ್ತದೆ. ಸೂಚ್ಯಂಕದ ದೃಷ್ಟಿಯಲ್ಲಿ ಇದು ಕೊರತೆಯೇ, ನನ್ನ ಹೆಂಡತಿಯ ದೃಷ್ಟಿಯಲ್ಲೂ ಅಷ್ಟೇ. ಆ ದಿನ ಬೆಳಗಿನ ಜಾವ ಐದಕ್ಕೆ ಎದುರುಮನೆಯಾಕೆ ಕಿಟಕಿಯ ಬಳಿ ನಿಂತು “ಅಜ್ಜೀ, ನೀರು ಬಂತು” ಎಂದು ಕೂಗಿದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು, ಹಿತ್ತಲ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಳಿಯ ಬಟ್ಟೆ ಕಟ್ಟಿ ಸೋಸಿ ತುಂಬಿದರು. ಪಕ್ಕದ ಮನೆಯ ಹುಡುಗ ಕೇಳದೆಯೇ ಬಂದು ಮೇಲಿನ ತೊಟ್ಟಿಗೆ ಮೋಟಾರು ಹಾಕಿಕೊಟ್ಟು ಹೋದ. ಏಳು ಗಂಟೆಯ ಹೊತ್ತಿಗೆ ಓಣಿಯ ಏಳೆಂಟು ಮನೆಯವರ ಕ್ಷೇಮಸಮಾಚಾರವೆಲ್ಲ ಅಮ್ಮನಿಗೆ ತಿಳಿದಿತ್ತು. ನೀರಿನ ತೊಂದರೆ ಎಂದು ನಾನು ಕರೆದದ್ದನ್ನು ಅವರು ತೊಂದರೆಯೆಂದು ಒಪ್ಪಲೇ ಇಲ್ಲ. ದಿನವೂ ಬಂದರೆ ಒಳ್ಳೆಯದು, ಬರದಿದ್ದರೂ ಬದುಕು ನಿಂತಿಲ್ಲ ಎಂಬುದು ಅವರ ಲೆಕ್ಕ. ಹಾಗೆಂದು ನೀರು ದಿನವೂ ಬರಬೇಕೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಎಂಬತ್ತೆರಡರ ಮುದುಕಿ ಕತ್ತಲಲ್ಲಿ ಹಂಡೆ ಎತ್ತುವ ಸ್ಥಿತಿಯನ್ನು ತೃಪ್ತಿಯ ಅಂಕ ಮುಚ್ಚಿಹಾಕಬಾರದು. ಗ್ರಹಿಕೆಗೆ ಕೊಟ್ಟ ಶೇ 30 ತೂಕದ ಅಪಾಯ ಇರುವುದು ಇಲ್ಲಿಯೇ: ಜನರ ಸಹನೆಯೂ ಅದರಲ್ಲಿ ಊರಿನ ಸೌಕರ್ಯದಂತೆ ಜಮೆಯಾಗುತ್ತದೆ.

ಆ ಸಂಜೆ ಜಗುಲಿಯ ಮೇಲೆ ಅಮ್ಮನ ಮುಂದೆ ಹಾಳೆ ಹಾಸಿ ಬೀಜ ಕೊಟ್ಟೆ. ನಾಲ್ಕು ಮನೆಗಳಲ್ಲಿ ಏನೇನಿದೆ ಎಂದು ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆಸ್ಪತ್ರೆ ಎಂದ ಕೂಡಲೇ ಎಂಟು ಬೀಜ ಗುಣಮಟ್ಟದ ಮನೆಗೆ ಇಟ್ಟರು. ಎರಡು ವೈದ್ಯಕೀಯ ಕಾಲೇಜುಗಳಿರುವ ಊರಿನಲ್ಲಿ ಅವರಿಗೆ ಆ ಧೈರ್ಯ ಇದ್ದೇ ಇದೆ. ಗಿಡಮರ ಎಂದಾಗ ನಾಲ್ಕು ಇಟ್ಟರು. ದುಡಿಮೆಗೆ ಮೂರು, “ಹುಡುಗ್ರಿಗೆ ಬೇಕಲ್ಲಪ್ಪಾ” ಎಂದು. ಉಳಿದ ಐದು ಬೀಜ ಕೈಯಲ್ಲೇ ಹಿಡಿದುಕೊಂಡು, “ಅಲ್ಲಪ್ಪಾ, ಸಂಜಿಗೆ ಬಾಗ್ಲಾಗೆ ಕುಂತ್ರೆ ಮಾತಾಡ್ಸೋರು ಇರ್ಬೇಕಲ್ಲ, ಅದನ್ನ ಇದ್ರಾಗೆ ಎಲ್ಲಿ ಬರ್ದಾರೆ?” ಎಂದು ಕೇಳಿದರು. ಗ್ರಹಿಕೆಯ ಮನೆಗೆ ಇಡಮ್ಮ ಎಂದೆ. ಅದು ಮಂದಿ ಏನಂತಾರೆ ಅನ್ನೋದು, ನಾ ಕೇಳಿದ್ದು ಅದಲ್ಲ ಎಂದು ಐದೂ ಬೀಜಗಳನ್ನು ಹಾಳೆಯ ಹೊರಗೆ, ಜಗುಲಿಯ ಕಲ್ಲಿನ ಮೇಲೆ ಸಾಲಾಗಿ ಇಟ್ಟರು. ಹದಿಮೂರು ವಿಭಾಗ, 49 ಸೂಚಕಗಳನ್ನು ನಾನು ಮತ್ತೆ ಓದಿದೆ. ಅಮ್ಮ ಕೇಳಿದ್ದು ಅವುಗಳಲ್ಲಿ ಇಲ್ಲ.

ವರದಿಯನ್ನು ಬಳಸಬಯಸುವವರಿಗೆ ನನ್ನ ಅನುಭವದಿಂದ ಇಷ್ಟು ಹೇಳಬಲ್ಲೆ. ಸ್ಥಾನಗಳ ಪಟ್ಟಿಯನ್ನು ಬಿಟ್ಟು ನೇರವಾಗಿ ಬಿಡಿ ಅಂಕಗಳ ಪುಟಕ್ಕೆ ಹೋಗಿ. ಅವು ಅಚ್ಚುಕಟ್ಟಾಗಿವೆ, ತೂಕಗಳನ್ನು ಮುಚ್ಚಿಡದೆ ಹೇಳಲಾಗಿದೆ. ಆ ಪಾರದರ್ಶಕತೆ ಇಲ್ಲದಿದ್ದರೆ ನಮ್ಮ ಬೀಜದ ಲೆಕ್ಕವೇ ಸಾಧ್ಯವಾಗುತ್ತಿರಲಿಲ್ಲ. ನಿಮ್ಮ ಮನೆಯ ತೂಕಗಳನ್ನು ನೀವೇ ಹಾಕಿಕೊಳ್ಳಿ. ಗ್ರಹಿಕೆಯ ಅಂಕ ಹೆಚ್ಚಾಗಿದ್ದು ಗುಣಮಟ್ಟದ ಅಂಕ ಕಡಿಮೆಯಿದ್ದರೆ, ಅಲ್ಲಿನವರು ಏನನ್ನು ಸಹಿಸಿಕೊಂಡಿದ್ದಾರೆಂದು ಹೋಗಿ ನೋಡಿ. ಆ ಊರಿನ ಅತಿ ಕೆಟ್ಟ ತಿಂಗಳಿನಲ್ಲೇ ಹೋಗಿ. ದೊಡ್ಡ ನಗರವಾದರೆ ಒಟ್ಟು ಅಂಕವನ್ನು ನಂಬಬೇಡಿ, ವಾರ್ಡನ್ನು ನೋಡಿ. ಸಮೀಕ್ಷೆ ಮುಗಿದ ಐದೇ ದಿನಕ್ಕೆ ದೇಶವೆಲ್ಲ ಲಾಕ್‌ಡೌನ್ ಆಯಿತೆಂಬುದನ್ನೂ, ಆ ನಂತರ ಮನೆ, ನೆರೆ, ಆಸ್ಪತ್ರೆಗಳ ಬಗ್ಗೆ ನಮ್ಮೆಲ್ಲರ ಕಲ್ಪನೆ ಬದಲಾಗಿದೆಯೆಂಬುದನ್ನೂ ಮರೆಯಬೇಡಿ. ನೀತಿ ರೂಪಿಸುವವರಿಗೆ ಇದು ಒಳ್ಳೆಯ ಸಾಧನ, ಐದಕ್ಕೆ ನಾಲ್ಕು ಕೊಡುತ್ತೇನೆ. ಮನೆ ಹುಡುಕುವವರಿಗೆ ಎರಡೂವರೆಗಿಂತ ಹೆಚ್ಚು ಕೊಡಲಾರೆ.

ನಾವು ದಾವಣಗೆರೆಗೆ ಹೊರಟಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿರಬೇಕೆಂಬ ಹೆಂಡತಿಯ ಷರತ್ತಿಗೆ ಒಪ್ಪಿದ್ದೇನೆ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ವಂದೇ ಭಾರತ್ ರೈಲು ದಾವಣಗೆರೆಯಲ್ಲಿ ನಿಲ್ಲುವುದರಿಂದ ಮೂರೂ ಊರುಗಳು ನಮಗೆ ಒಂದೇ ಹಳಿಯ ಮೇಲಿವೆ. ಮೇಲಿನ ತೊಟ್ಟಿಗೆ ತಾನೇ ಚಾಲೂ ಆಗುವ ಮೋಟಾರು ಹಾಕಿಸಲು ಮುಂಗಡ ಕೊಟ್ಟು ಬಂದಿದ್ದೇನೆ, ಅಮ್ಮ ಇನ್ನು ಹಂಡೆ ಎತ್ತಬಾರದು. ಮುಂದಿನ ಸಮೀಕ್ಷೆ ಬಂದಾಗ ದಾವಣಗೆರೆಯ ನಿವಾಸಿಯಾಗಿ ಉತ್ತರಿಸುತ್ತೇನೆ. ಮೂವತ್ತೊಂದು ವರ್ಷ ಹೊರಗಿದ್ದು ಮರಳಿದವನು, ಇಂದು ನೀರು ಬರುವ ದಿನ, ಇದು ಏಪ್ರಿಲ್ ತಿಂಗಳು ಎಂದು ಉತ್ತರದ ಪಕ್ಕದಲ್ಲಿ ಬರೆಯಲು ಜಾಗ ಕೊಟ್ಟಿದ್ದರೆ, ಅದನ್ನೂ ಬರೆಯುತ್ತೇನೆ.